ಲಾರಿಗೆ ಕಾನೂನು ತೊಡಿಸುವ ಸಾಮಾನು: ಎಷ್ಟು ಕಿಲೋ, ಎಷ್ಟು ರೂಪಾಯಿ?

2025ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಏರಿತು. ಬೆಂಗಳೂರಿನ ಬಂಕುಗಳಲ್ಲಿ ಲೀಟರಿಗೆ 89.02 ಇದ್ದದ್ದು 91.02 ರೂಪಾಯಿ ಆಯಿತು. ತಿಂಗಳಿಗೆ 6,000 ಕಿಲೋಮೀಟರ್ ಓಡುವ ಹತ್ತು ಚಕ್ರದ ಲಾರಿಯೊಂದನ್ನು ತೆಗೆದುಕೊಳ್ಳಿ. ಲೀಟರಿಗೆ 4 ಕಿಲೋಮೀಟರ್ ಎಂದರೆ ತಿಂಗಳಿಗೆ 1,500 ಲೀಟರ್ ಬೇಕು. ಆ ಎರಡು ರೂಪಾಯಿ ತಿಂಗಳಿಗೆ 3,000, ವರ್ಷಕ್ಕೆ 36,000 ರೂಪಾಯಿ ಆಗುತ್ತದೆ. ಅದೇ ತಿಂಗಳ 14ರ ಮಧ್ಯರಾತ್ರಿಯಿಂದ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದರು. ಡೀಸೆಲ್ ಮತ್ತು ಟೋಲಿನ ಜೊತೆಗೆ ವಾಹನದ ಫಿಟ್‌ನೆಸ್ ಪ್ರಮಾಣಪತ್ರದ (ಎಫ್‌ಸಿ) ಶುಲ್ಕವೂ ಅವರ ಬೇಡಿಕೆಗಳ ಪಟ್ಟಿಯಲ್ಲಿತ್ತು.

ಮಾಲೀಕರ ಜೊತೆ ಮಾತಿಗೆ ಕೂತರೆ ಆ ಪಟ್ಟಿ ಇನ್ನೂ ಬೆಳೆಯುತ್ತದೆ. ಹೊಳೆಯುವ ಟೇಪು ಅಂಟಿಸಬೇಕು, ಹಿಂದೆ ಕಬ್ಬಿಣದ ಅಡ್ಡಪಟ್ಟಿ ಕಟ್ಟಬೇಕು, ಪಕ್ಕಕ್ಕೆ ಗಾರ್ಡ್ ಹಾಕಬೇಕು, ಜಿಪಿಎಸ್ ಕೂರಿಸಬೇಕು, ಸ್ಪೀಡ್ ಗವರ್ನರ್ ಇರಬೇಕು. ‘ಗಾಡಿ ಓಡಿಸೋದೋ, ಸಾಮಾನು ಜೋಡಿಸೋದೋ’ ಎಂಬ ಗೊಣಗಾಟ ಟ್ರಾನ್ಸ್‌ಪೋರ್ಟ್ ಕಚೇರಿಗಳ ಬೆಂಚುಗಳ ಮೇಲೆ ಹೊಸದಲ್ಲ. ಸಿಟ್ಟು ನಿಜವೇ. ಆದರೆ ಅದು ಸರಿಯಾದ ಬಾಬತ್ತಿನ ಮೇಲೆ ಬಿದ್ದಿದೆಯೇ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಬರುವ ತೂಕದ ಮಿತಿ, ದಂಡ, ಪ್ರೀಮಿಯಂ, ಶುಲ್ಕಗಳೆಲ್ಲ ಕಾಯ್ದೆ ಮತ್ತು ಅಧಿಸೂಚನೆಗಳ ಅಂಕಿಗಳು. ಬಾಡಿಗೆ, ಕಬ್ಬಿಣದ ದರ, ಟೇಪಿನ ದರ ಮುಂತಾದವು ಲೆಕ್ಕಕ್ಕಾಗಿ ಹಿಡಿದವು. ನಿಮ್ಮ ಊರಿನ ಬಿಲ್ಲಿನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿ ನೋಡಿ. ಫಲಿತಾಂಶ ತಲೆಕೆಳಗಾಗುವುದಿಲ್ಲ.

ತೂಕದಿಂದ ಶುರು

ಲಾರಿಯ ಲೆಕ್ಕವೆಲ್ಲ ಆಕ್ಸಲ್‌ನಿಂದ ಹುಟ್ಟುತ್ತದೆ. 2018ರ ಜುಲೈವರೆಗೆ ಮುಂದಿನ ಎರಡು ಟೈರಿನ ಆಕ್ಸಲ್ ಮೇಲೆ 6 ಟನ್, ಹಿಂದಿನ ನಾಲ್ಕು ಟೈರಿನ ಒಂಟಿ ಆಕ್ಸಲ್ ಮೇಲೆ 10.2 ಟನ್, ಜೋಡಿ ಆಕ್ಸಲ್ ಮೇಲೆ 19 ಟನ್, ಟ್ರೈಲರಿನ ಮೂರು ಆಕ್ಸಲ್ ಕೂಟದ ಮೇಲೆ 24 ಟನ್ ಬಿಡುತ್ತಿದ್ದರು. ಆ ತಿಂಗಳು ಕೇಂದ್ರ ಸಾರಿಗೆ ಸಚಿವಾಲಯ ಇವನ್ನು ಕ್ರಮವಾಗಿ 7, 11.5, 21 ಮತ್ತು 27 ಟನ್ನಿಗೆ ಏರಿಸಿತು. ಹೀಗಾಗಿ ಆರು ಚಕ್ರದ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್ನಿಗೆ ಬಂತು. ಹತ್ತು ಚಕ್ರದ್ದು ಹಳೆಯ ಲೆಕ್ಕದಲ್ಲಿ 25 ಟನ್. ಹೊಸ ಲೆಕ್ಕದಲ್ಲಿ 7ಕ್ಕೆ 21 ಕೂಡಿಸಿ 28. ಹೆದ್ದಾರಿಯಲ್ಲಿ ಕಾಣುವ 22 ಚಕ್ರದ ಟ್ರೈಲರ್ 49ರಿಂದ 55 ಟನ್ನಿಗೆ ಏರಿತು: 7, 21, 27 ಕೂಡಿಸಿ ನೋಡಿ.

ಈ ಒಟ್ಟು ತೂಕದೊಳಗೆ ಲಾರಿಯ ಸ್ವಂತ ತೂಕವೂ ಸೇರಿದೆ. ಛಾಸಿ, ಬಾಡಿ, ಸ್ಟೆಪ್ನಿ, ಟ್ಯಾಂಕಿನ ಡೀಸೆಲ್, ತಾಡಪಾಲು, ಹಗ್ಗ, ಡ್ರೈವರ್, ಕ್ಲೀನರ್ ಎಲ್ಲ ಕಳೆದು ಉಳಿದದ್ದೇ ಲೋಡು. ಹತ್ತು ಚಕ್ರದ ಲಾರಿಗೆ ಸುಮಾರು 19 ಟನ್ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಅಂದಮೇಲೆ ಕಾನೂನು ಹೇಳಿ ಕಟ್ಟಿಸುವ ಪ್ರತಿ ಕಿಲೋ ಕಬ್ಬಿಣವೂ ಬಾಡಿಗೆ ಬರುವ ಒಂದು ಕಿಲೋ ಸರಕನ್ನು ಕೆಳಗಿಳಿಸುತ್ತದೆ. ಇದು ಮಾಲೀಕರಿಗೆ ಗೊತ್ತು. ನಿಯಮ ಬರೆಯುವವರು ಇದನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ.

ಈಗ ಸಾಮಾನಿನ ಬಿಲ್ಲು. ಹಿಂಬದಿಯ ಅಡ್ಡಪಟ್ಟಿ 60 ಕಿಲೋ, ಎರಡೂ ಪಕ್ಕದ ಗಾರ್ಡ್ ಸೇರಿ 80 ಕಿಲೋ ಎಂದು ಹಿಡಿದರೆ 140 ಕಿಲೋ ಕಬ್ಬಿಣ. ಬೆಸುಗೆ, ಬಣ್ಣ, ಕೂಲಿ ಸೇರಿ ಕಿಲೋಗೆ 120ರಂತೆ 16,800 ರೂಪಾಯಿ. ಟೇಪು: 24 ಅಡಿಯ ಬಾಡಿಗೆ ಎರಡೂ ಪಕ್ಕ ಸೇರಿ ಸುಮಾರು 14.6 ಮೀಟರ್, ಹಿಂಬದಿಯ ಚೌಕಟ್ಟಿಗೆ 10 ಮೀಟರ್, ಮುಂದೆ ಎರಡೂವರೆ. ಒಟ್ಟು 27 ಮೀಟರ್, ಮೀಟರಿಗೆ 100ರಂತೆ 2,700. ಸ್ಥಳ ಪತ್ತೆಯ ಸಾಧನಕ್ಕೆ ಕರ್ನಾಟಕ ಸರ್ಕಾರವೇ ದರ ಗೊತ್ತುಮಾಡಿದೆ. ಅದು 7,599 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ 8,967. ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಕೆಟ್ಟು ನಿಂತಾಗ ರಸ್ತೆಯಲ್ಲಿಡುವ ಕೆಂಪು ತ್ರಿಕೋನ ಇವಕ್ಕೆಲ್ಲ ಧಾರಾಳವಾಗಿ 5,000. ಸ್ಪೀಡ್ ಗವರ್ನರ್ ಹೊಸ ಲಾರಿಯಲ್ಲಿ ಕಾರ್ಖಾನೆಯಿಂದಲೇ ಬರುತ್ತದೆ. ಎಲ್ಲ ಕೂಡಿಸಿದರೆ 33,467 ರೂಪಾಯಿ.

ಡೀಸೆಲ್ಲಿನ ಎರಡು ರೂಪಾಯಿ ಒಂದೇ ವರ್ಷದಲ್ಲಿ ತಿಂದದ್ದು ಇದಕ್ಕಿಂತ ಹೆಚ್ಚು.

ಇನ್ನೊಂದು ಕಡೆಯಿಂದಲೂ ಅಳೆಯಬಹುದು. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಮೂಲ ಬೆಲೆ 30 ಲಕ್ಷದ ಲಾರಿಗೆ ಮೊದಲು 38.4 ಲಕ್ಷ ಬೀಳುತ್ತಿತ್ತು, ಈಗ 35.4 ಲಕ್ಷ. ಉಳಿತಾಯ 3 ಲಕ್ಷ, ಎಂದರೆ ಮೇಲಿನ ಸಾಮಾನಿನ ಬಿಲ್ಲಿನ ಒಂಬತ್ತು ಪಟ್ಟು. ಲಾರಿಯ ಬೆಲೆಗೆ ಹೋಲಿಸಿದರೆ ಸಾಮಾನಿನ ಖರ್ಚು ನೂರಕ್ಕೆ ಒಂದು ರೂಪಾಯಿಯೂ ಆಗುವುದಿಲ್ಲ.

ಹಾಗಿದ್ದರೆ ಗೊಣಗಾಟ ಯಾಕೆ? ಉತ್ತರ ಕಿಲೋಗಳಲ್ಲಿದೆ. ಎಲ್ಲ ಸಾಮಾನು ಸೇರಿ 160 ಕಿಲೋ ತೂಗಿದರೆ, ಟನ್ನಿಗೆ 2,000 ಬಾಡಿಗೆಯ ಮಾರ್ಗದಲ್ಲಿ ಒಂದು ಟ್ರಿಪ್ಪಿಗೆ 320 ರೂಪಾಯಿಯ ಲೋಡು ಬಿಟ್ಟಂತೆ. ವರ್ಷಕ್ಕೆ 72,000 ಕಿಲೋಮೀಟರ್ ಓಟ, ಸಾವಿರ ಕಿಲೋಮೀಟರಿಗೊಂದು ಲೋಡು ಎಂದರೆ 72 ಟ್ರಿಪ್, 23,040 ರೂಪಾಯಿ. ಎಂಟು ವರ್ಷಕ್ಕೆ 1,84,320. ಒಂದು ಸಲ ಕೊಟ್ಟು ಮರೆಯುವ ಬೆಲೆ 33 ಸಾವಿರ. ಆದರೆ ಅದರ ತೂಕ ದಿನವೂ ಬಾಡಿಗೆ ಕೇಳುತ್ತದೆ, ಒಟ್ಟಾರೆ ಬೆಲೆಯ ಐದೂವರೆ ಪಟ್ಟು. ಸಿಮೆಂಟು, ಕಬ್ಬಿಣ, ಅಕ್ಕಿ, ಗ್ರಾನೈಟ್ ಹೊರುವ ಲಾರಿಗೆ ಮಾತ್ರ ಈ ಲೆಕ್ಕ ಪೂರ್ತಿ ಅನ್ವಯಿಸುತ್ತದೆ. ಹತ್ತಿ, ಥರ್ಮೋಕೋಲು, ಚಿಪ್ಸ್ ಪೊಟ್ಟಣ ಹೊರುವ ಗಾಡಿ ತೂಕ ತುಂಬುವ ಮೊದಲೇ ಜಾಗ ತುಂಬಿಸಿಕೊಳ್ಳುತ್ತದೆ. ಅದಕ್ಕೆ 160 ಕಿಲೋ ಉಚಿತ. ಎಫ್‌ಸಿ ಆದ ಮಾರನೆಯ ವಾರ ಪಕ್ಕದ ಗಾರ್ಡ್ ಬಿಚ್ಚಿ ಗ್ಯಾರೇಜಿನ ಮೂಲೆಗೆ ಒರಗಿಸುವ ಗಾಡಿಗಳು ಸಾಮಾನ್ಯವಾಗಿ ಯಾವ ಸರಕಿನವು ಎಂದು ಇದರಿಂದಲೇ ಊಹಿಸಬಹುದು. 80 ಕಿಲೋ ಇಳಿಸಿದರೆ ವರ್ಷಕ್ಕೆ 11,520 ರೂಪಾಯಿ ಜೇಬಿಗೆ. ಇದು ಸೋಮಾರಿತನವಲ್ಲ, ಲೆಕ್ಕಾಚಾರ. ಲೆಕ್ಕಾಚಾರವನ್ನು ಬಗ್ಗಿಸಲು ಲೆಕ್ಕಾಚಾರವೇ ಬೇಕು.

ದಂಡ ಯಾವಾಗ ನಾಟುತ್ತದೆ

2019ಕ್ಕೆ ಮೊದಲು ಹೆಚ್ಚು ಲೋಡಿಗೆ ದಂಡ 2,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 1,000. ಐದು ಟನ್ ಹೆಚ್ಚು ಹೇರಿದವನಿಗೆ 7,000 ದಂಡ. ಆ ಐದು ಟನ್ನಿನ ಬಾಡಿಗೆ, ಟನ್ನಿಗೆ 2,000ರಂತೆ, 10,000. ಪ್ರತಿ ಟ್ರಿಪ್ಪಿನಲ್ಲೂ ಸಿಕ್ಕಿಬಿದ್ದು ಪ್ರತಿ ಸಲವೂ ರಸೀದಿ ಹರಿಸಿಕೊಂಡರೂ 3,000 ಉಳಿಯುತ್ತಿತ್ತು! ದಂಡವೆನ್ನುವುದಕ್ಕಿಂತ ಅದು ಹೆಚ್ಚುವರಿ ಲೋಡಿನ ಲೈಸೆನ್ಸ್ ಫೀ. ಅದನ್ನೂ ಕೊಡದೆ ಮಾಮೂಲಿಯಲ್ಲಿ ಮುಗಿಸಿಕೊಳ್ಳುತ್ತಿದ್ದ ಗಾಡಿಗಳ ಲೆಕ್ಕ ಬೇರೆ.

2019ರ ತಿದ್ದುಪಡಿ 194ನೇ ಕಲಮಿನಲ್ಲಿ ಮೂಲ ದಂಡವನ್ನು 20,000ಕ್ಕೆ, ಟನ್ನಿನ ದಂಡವನ್ನು 2,000ಕ್ಕೆ ಏರಿಸಿತು. ಹೆಚ್ಚುವರಿ ಸರಕನ್ನು ಇಳಿಸುವ ಖರ್ಚೂ ಗಾಡಿಯವನದೇ. ಅದೇ ಐದು ಟನ್ನಿಗೆ ಈಗ 30,000. ತೂಕ ಮಾಡಿಸಲು ಒಪ್ಪದೆ ಗಾಡಿ ಓಡಿಸಿಕೊಂಡು ಹೋದರೆ 40,000. ಲೋಡು ಬಾಡಿಯ ಅಂಚು ದಾಟಿ ಪಕ್ಕಕ್ಕೋ ಹಿಂದಕ್ಕೋ ಚಾಚಿದ್ದರೆ ಅದಕ್ಕೇ 20,000. ಈಗ ಸರಾಸರಿ ಮೂರು ಟ್ರಿಪ್ಪಿಗೆ ಒಂದು ಸಲ ಸಿಕ್ಕಿಬಿದ್ದರೆ ಲಾಭ ಸೊನ್ನೆ. ನಾಲ್ಕಕ್ಕೆ ಒಂದಾದರೆ ಮತ್ತೆ ಲಾಭ. ಎಂದರೆ ದಂಡ ನಾಲ್ಕು ಪಟ್ಟಿಗಿಂತ ಹೆಚ್ಚಾದರೂ, ಮೂರರಲ್ಲಿ ಒಂದು ಲಾರಿಯನ್ನು ವೇ ಬ್ರಿಡ್ಜ್ ಹತ್ತಿಸುವ ವ್ಯವಸ್ಥೆ ಇಲ್ಲದ ಕಡೆ ಆ ಅಂಕಿ ಕಾಗದದ ಮೇಲೇ ಉಳಿಯುತ್ತದೆ. ನಮ್ಮ ಜಿಲ್ಲಾ ರಸ್ತೆಗಳಲ್ಲಿ ಅಷ್ಟು ತೂಕದ ಯಂತ್ರಗಳು ಎಲ್ಲಿವೆ?

ಈ ಐದು ಟನ್ ರಸ್ತೆಗೆ ಏನು ಮಾಡುತ್ತದೆ ಎಂಬುದು ಇನ್ನೂ ದೊಡ್ಡ ಲೆಕ್ಕ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಬಳಿ ಬೇರೆ ಬೇರೆ ತೂಕದ ಲಾರಿಗಳನ್ನು ಪರೀಕ್ಷಾ ರಸ್ತೆಗಳ ಮೇಲೆ ಸುತ್ತಿಸಿ ಅಳೆದರು. ಅಲ್ಲಿಂದ ಬಂದ ಸೂತ್ರವನ್ನು ಇಂದಿಗೂ ರಸ್ತೆ ಎಂಜಿನಿಯರುಗಳು ಸ್ಥೂಲವಾಗಿ ನೆಚ್ಚುತ್ತಾರೆ: ರಸ್ತೆಗಾಗುವ ಸವೆತ ಆಕ್ಸಲ್ ತೂಕದ ನಾಲ್ಕನೇ ಘಾತದಂತೆ ಏರುತ್ತದೆ. 21 ಟನ್ನಿನ ಜೋಡಿ ಆಕ್ಸಲ್ ಮೇಲೆ ಐದು ಟನ್ ಸೇರಿ 26 ಆದರೆ ತೂಕ ಹೆಚ್ಚಿದ್ದು ಶೇ 24, ಸವೆತ ಹೆಚ್ಚಿದ್ದು ಶೇ 135. 2018ರಲ್ಲಿ ಸರ್ಕಾರವೇ ಒಂಟಿ ಆಕ್ಸಲ್ ಮಿತಿಯನ್ನು 10.2ರಿಂದ 11.5ಕ್ಕೆ ಏರಿಸಿದಾಗ ತೂಕ ಶೇ 13ರಷ್ಟು ಏರಿತು, ಅದೇ ಸೂತ್ರದಂತೆ ಸವೆತ ಶೇ 62ರಷ್ಟು. ಡಾಂಬರಿಗೆ ಕಾನೂನುಬದ್ಧ ತೂಕ, ಕಳ್ಳ ತೂಕ ಎಂಬ ಭೇದವಿಲ್ಲ.

ಎರಡು ಇಂಚು ಟೇಪು

ಪಟ್ಟಿಯ ಅತಿ ಅಗ್ಗದ ಬಾಬತ್ತು ಟೇಪು. 50 ಮಿಲಿಮೀಟರ್ ಅಗಲ, ತೂಕ ಲೆಕ್ಕಕ್ಕಿಲ್ಲ. ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ಹೆಡ್‌ಲೈಟಿನ ಬೆಳಕು ಎಲ್ಲಿಂದ ಬಂತೋ ಅತ್ತಲೇ ತಿರುಗಿಸಿ ಕಳಿಸುವುದು ಇದರ ಕೆಲಸ. ಎಐಎಸ್ 090 ಎಂಬ ಮಾನಕಕ್ಕೆ ಒಪ್ಪುವ ಟೇಪಿಗೂ ಅಂಗಡಿಯ ಸಾದಾ ಬಣ್ಣದ ಸ್ಟಿಕ್ಕರಿಗೂ ಹಗಲಲ್ಲಿ ವ್ಯತ್ಯಾಸ ಕಾಣದು. ಎಫ್‌ಸಿ ಪರೀಕ್ಷೆ ನಡೆಯುವುದು ಹಗಲಲ್ಲಿ ಎಂಬುದೇ ಇಲ್ಲಿನ ತೊಡಕು.

ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಮುಂದೆ ಏನೋ ಇದೆ ಎಂದು ಮೆದುಳು ಒಪ್ಪಿ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್, 33 ಮೀಟರ್. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಹಿಡಿದು ನಿಲ್ಲಲು ಇನ್ನೊಂದು 41 ಮೀಟರ್. ಒಟ್ಟು 74. ಡಿಮ್ ಮಾಡಿದ ಹೆಡ್‌ಲೈಟು ಬಣ್ಣವಿಲ್ಲದ, ಧೂಳು ಹಿಡಿದ ಲಾರಿಯ ಬೆನ್ನನ್ನು ತೋರಿಸುವುದು ಸುಮಾರು 50 ಮೀಟರಿನಿಂದ. ಆ 24 ಮೀಟರಿನ ಕೊರತೆಯಲ್ಲಿ ಜನ ಸಾಯುತ್ತಾರೆ. ಟೇಪು ನೂರಾರು ಮೀಟರ್ ದೂರದಿಂದಲೇ ಹೊಳೆಯುತ್ತದೆ.

ಅಮೆರಿಕದಲ್ಲಿ 1993ರ ಡಿಸೆಂಬರ್‌ನಿಂದ ತಯಾರಾದ ಭಾರಿ ಟ್ರೈಲರುಗಳಿಗೆಲ್ಲ ಈ ಟೇಪು ಕಡ್ಡಾಯವಾಯಿತು. ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತ ಫ್ಲೋರಿಡಾ ಮತ್ತು ಪೆನ್ಸಿಲ್ವೇನಿಯಾ ರಾಜ್ಯಗಳ ಅಪಘಾತಗಳನ್ನು ಹೋಲಿಸಿ 2001ರಲ್ಲಿ ವರದಿ ಕೊಟ್ಟಿತು. ಕತ್ತಲಲ್ಲಿ ಟ್ರೈಲರಿನ ಪಕ್ಕಕ್ಕೋ ಹಿಂದಕ್ಕೋ ಗುದ್ದುವ ಪ್ರಕರಣಗಳು ಟೇಪಿನಿಂದ ಶೇ 29ರಷ್ಟು ಇಳಿದಿದ್ದವು. ಬೀದಿದೀಪವೂ ಇಲ್ಲದ ಕಡೆ ಶೇ 41ರಷ್ಟು. 2,700 ರೂಪಾಯಿಗೆ ಇಷ್ಟು ಕೆಲಸ ಮಾಡುವ ಬೇರೆ ಯಾವ ಸಾಮಾನೂ ಆ ಪಟ್ಟಿಯಲ್ಲಿಲ್ಲ. ನಮ್ಮಲ್ಲಿ 2022ರ ರಸ್ತೆ ಅಪಘಾತ ವರದಿಯ ಪ್ರಕಾರ ದೇಶದ 4,61,312 ಅಪಘಾತಗಳಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಹಿಂದಿನಿಂದ ಗುದ್ದಿದವು. ಆ ವರ್ಷ ಸತ್ತವರು 1,68,491.

ಟೇಪಿನ ಬಗ್ಗೆ ಮಾಲೀಕರ ದೂರು ಬೇರೆ ಥರದ್ದು, ಅದರಲ್ಲಿ ಹುರುಳಿದೆ. ಮೂರು ವರ್ಷ ಬಾಳುವ ಟೇಪು ಚೆನ್ನಾಗಿಯೇ ಇದ್ದರೂ ಎಫ್‌ಸಿಗೆ ಬಂದಾಗ ಕಿತ್ತು ಹೊಸದು ಅಂಟಿಸಿ, ಇಂಥ ಕಡೆಯಿಂದಲೇ ಕೊಳ್ಳಿ ಎಂದರೆ ಸಿಟ್ಟು ಬಾರದೆ ಇರುತ್ತದೆಯೇ? ಟೇಪು ಹೊಳೆಯುತ್ತದೋ ಇಲ್ಲವೋ ಎಂದು ಕತ್ತಲ ಶೆಡ್ಡಿನಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಸಾಕು. ರಸೀದಿ ನೋಡುವುದು ಪರೀಕ್ಷೆಯಲ್ಲ.

ಕೆಟ್ಟು ನಿಂತ ಲಾರಿಯ ಹಿಂದೆ ತ್ರಿಕೋನದ ಬದಲು ಸೊಪ್ಪು, ಕಲ್ಲು ಇಡುವ ರೂಢಿಯ ಬಗ್ಗೆ ಒಂದು ಮಾತು. ಸೊಪ್ಪು ಕತ್ತಲಲ್ಲಿ ಕಾಣುವುದಿಲ್ಲ. ಕಲ್ಲು ಲಾರಿ ಹೋದ ಮೇಲೂ ರಸ್ತೆಯಲ್ಲೇ ಉಳಿದು ಬೈಕಿನವನಿಗೆ ಕಾಯುತ್ತದೆ. ಕೆಲವು ನೂರು ರೂಪಾಯಿಯ ತ್ರಿಕೋನ ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತದೆ, ಮುಂದಿನ ಎಫ್‌ಸಿಗೆ ಹೊಸದಾಗಿ ಕಾಣಲಿ ಎಂದು.

ಬೆನ್ನಿನ ಅಡ್ಡಪಟ್ಟಿ

ಲಾರಿಯ ಬಾಡಿಯ ತಳ ನೆಲದಿಂದ ಒಂದು ಮೀಟರಿಗೂ ಮೇಲಿರುತ್ತದೆ. ಕಾರಿನ ಬಂಪರು, ಎಂಜಿನ್, ಏರ್‌ಬ್ಯಾಗಿಗೆ ಸಂಕೇತ ಕೊಡುವ ಸೆನ್ಸರ್ ಎಲ್ಲ ಅದಕ್ಕಿಂತ ಕೆಳಗೆ. ಹಿಂದಿನಿಂದ ಗುದ್ದಿದ ಕಾರು ತನ್ನ ರಕ್ಷಣೆಯ ಭಾಗಗಳನ್ನೆಲ್ಲ ಲಾರಿಯ ಅಡಿಗೆ ತೂರಿಸಿ, ಗಾಜಿನ ಮಟ್ಟದಲ್ಲಿ ಬಾಡಿಯ ಅಂಚಿಗೆ ಬಡಿಯುತ್ತದೆ. ಐದು ಸ್ಟಾರಿನ ಕಾರಾದರೂ ಅಷ್ಟೆ. ಇದನ್ನು ತಡೆಯಲು ಕೇಂದ್ರ ಮೋಟಾರು ವಾಹನ ನಿಯಮಗಳ 124ನೇ ನಿಯಮ ಹಿಂಬದಿಯಲ್ಲಿ ತಡೆಪಟ್ಟಿ ಕೇಳುತ್ತದೆ. ಐಎಸ್ 14812 ಮಾನಕದಂತೆ ಅದರ ಕೆಳ ಅಂಚು ನೆಲದಿಂದ 550 ಮಿಲಿಮೀಟರಿಗಿಂತ ಮೇಲಿರುವಂತಿಲ್ಲ. ಅಮೆರಿಕದಲ್ಲಿ 1953ರ ನಿಯಮ 30 ಇಂಚಿನವರೆಗೆ ಬಿಟ್ಟಿತ್ತು. 1998ರಿಂದ ಹೊಸ ಟ್ರೈಲರುಗಳಿಗೆ ಅದು 22 ಇಂಚಿಗೆ ಇಳಿಯಿತು. 1967ರಲ್ಲಿ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಇದ್ದ ಕಾರು ಟ್ರೈಲರಿನ ಹಿಂಬದಿಗೆ ನುಗ್ಗಿ ಆಕೆ ಸತ್ತ ಮೇಲೆ ಅಲ್ಲಿನ ಜನ ಈ ಪಟ್ಟಿಯನ್ನು ಆಕೆಯ ಹೆಸರಿನಿಂದಲೇ ಕರೆಯತೊಡಗಿದರು. ಹೆಸರು ಬಂದ ಮೂರು ದಶಕಕ್ಕೆ ಅಳತೆ ಸರಿಯಾಯಿತು.

ನಮ್ಮ ರಸ್ತೆಯಲ್ಲಿ ಅಳತೆಗಿಂತ ಬೆಸುಗೆಯದೇ ತೊಂದರೆ. ಲಾರಿಯನ್ನು ಕೊಳ್ಳುವಾಗ ಕಂಪನಿ ಕೊಟ್ಟ ತಡೆಪಟ್ಟಿ ಒಮ್ಮೆ ರಿವರ್ಸ್ ತೆಗೆಯುವಾಗ ಬಗ್ಗುತ್ತದೆ. ಟಿಪ್ಪರಾದರೆ ಜಲ್ಲಿ ಸುರಿಯುವಾಗ ಮುರಿಯುತ್ತದೆ. ಆಮೇಲೆ ಅದರ ಜಾಗದಲ್ಲಿ ಎರಡು ಇಂಚಿನ ಪೈಪೋ, ತೆಳು ಆಂಗಲ್ಲೋ ಬರುತ್ತದೆ. ಹಳದಿ ಕಪ್ಪು ಬಣ್ಣ ಬಳಿದರೆ ದೂರದಿಂದ ಎಲ್ಲವೂ ತಡೆಪಟ್ಟಿಯೇ. ಕಾರು ಗುದ್ದಿದಾಗ ಅದು ಮಡಚಿಕೊಂಡು ಬದಿಗೆ ಸರಿಯುತ್ತದೆ. 60 ಕಿಲೋದ ನಿಜವಾದ ಪಟ್ಟಿಯ ಬದಲು 15 ಕಿಲೋದ ಪೈಪು ಕಟ್ಟಿದವನಿಗೆ 45 ಕಿಲೋ ಉಳಿತಾಯ, ಟ್ರಿಪ್ಪಿಗೆ 90 ರೂಪಾಯಿ. ಒಂದು ಜೀವದ ಮೇಲೆ ಈ ವ್ಯಾಪಾರದಲ್ಲಿ ಬಿದ್ದಿರುವ ದರ ಅದೇ.

ನನ್ನ ಸಲಹೆ ಸರಳ. ಮಾನಕಕ್ಕೆ ಒಪ್ಪುವ ತಡೆಪಟ್ಟಿ ಮತ್ತು ಪಕ್ಕದ ಗಾರ್ಡ್ ಇರುವ ಲಾರಿಗೆ ಒಟ್ಟು ತೂಕದಲ್ಲಿ ಅಷ್ಟೇ ಕಿಲೋ, 140 ಎಂದರೆ 140, ಹೆಚ್ಚುವರಿ ಬಿಟ್ಟುಬಿಡಿ. 28,000 ಕಿಲೋ ಹೊರುವ ರಸ್ತೆಗೆ ಅದು ಶೇ ಅರ್ಧ. 2018ರಲ್ಲಿ ಒಂದೇ ಅಧಿಸೂಚನೆಯಲ್ಲಿ 3,000 ಕಿಲೋ ಕೊಟ್ಟವರಿಗೆ ಇದು ಕಷ್ಟವಲ್ಲ. ಬಿಚ್ಚಿಟ್ಟರೆ ಲಾಭವಿಲ್ಲ ಎಂದಾದ ದಿನ ಯಾರೂ ಬಿಚ್ಚುವುದಿಲ್ಲ.

ವೇಗ, ತಂಪು, ಜಿಪಿಎಸ್

ಇವು ಮೂರನ್ನೂ ಬೇಗ ಮುಗಿಸೋಣ. 2015ರ ಅಕ್ಟೋಬರ್‌ನಿಂದ ಹೊಸ ಸಾರಿಗೆ ವಾಹನಗಳ ವೇಗ ಗಂಟೆಗೆ 80 ಕಿಲೋಮೀಟರಿಗೆ, ಟ್ಯಾಂಕರು, ಟಿಪ್ಪರುಗಳದು 60ಕ್ಕೆ ಕಟ್ಟಿದೆ. ದೂರದ ಲಾರಿಗೆ ಇದರಿಂದ ನಷ್ಟವಿಲ್ಲ. ಘಾಟಿ, ಟೋಲ್, ಊಟ, ಊರು ಸೇರಿ ಅದರ ಸರಾಸರಿ ವೇಗ 80ರ ಅರ್ಧಕ್ಕೂ ಕಷ್ಟಪಟ್ಟು ಬರುತ್ತದೆ. ಟಿಪ್ಪರಿನವನಿಗೆ ಮಾತ್ರ ನೋವು ತಟ್ಟುತ್ತದೆ. ಕ್ವಾರಿಯಿಂದ 40 ಕಿಲೋಮೀಟರಿಗೆ 60ರ ವೇಗದಲ್ಲಿ 40 ನಿಮಿಷ, 80ರಲ್ಲಿ 30. ದಿನಕ್ಕೆ ಮೂರು ಸಲ ಹೋಗಿ ಬಂದರೆ ಒಂದು ಗಂಟೆಯ ಅಂತರ, ಎಂದರೆ ನಾಲ್ಕನೇ ಟ್ರಿಪ್ಪಿನ ಆಸೆ. ಎಂ-ಸ್ಯಾಂಡ್ ಹೊತ್ತ ಟಿಪ್ಪರುಗಳ ಗವರ್ನರ್ ವೈರು ಯಾಕೆ ಕಿತ್ತಿರುತ್ತದೆ ಎಂದು ಇನ್ನು ಕೇಳಬೇಕಿಲ್ಲ.

2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್ ಮೀರಿದ ಎಲ್ಲ ಸರಕು ವಾಹನಗಳ ಡ್ರೈವರ್ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಗಂಟೆಗೆ ಅರ್ಧ ಲೀಟರ್ ಡೀಸೆಲ್ ಹೆಚ್ಚು ಹಿಡಿಯುತ್ತದೆ ಎಂದರೂ ಎಂಟು ಗಂಟೆಗೆ 4 ಲೀಟರ್, 364 ರೂಪಾಯಿ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಎಂಜಿನ್ನಿನ ಪಕ್ಕ ಕೂತು 400 ಕಿಲೋಮೀಟರ್ ಓಡಿಸಿದವರನ್ನು ಕೇಳಿ ಇದು ದುಬಾರಿಯೇ ಎಂದು. ಪಟ್ಟಿಯಲ್ಲಿ ಡ್ರೈವರನ ಮೈಗೆ ನೇರ ತಲುಪುವ ಸಾಮಾನು ಇದೊಂದೇ.

ಸ್ಥಳ ಪತ್ತೆ ಸಾಧನದ 8,967 ರೂಪಾಯಿಯ ಬಗ್ಗೆ ನನಗೆ ಅನುಮಾನವಿದೆ. ಕರ್ನಾಟಕದಲ್ಲಿ ಇದು ನ್ಯಾಷನಲ್ ಪರ್ಮಿಟ್ ಲಾರಿಗಳಿಗೂ ಬಂದದ್ದು ತುರ್ತು ಬಟನ್ನಿನ ಸಮೇತ. ಟ್ಯಾಕ್ಸಿಯಲ್ಲಿ ಒಬ್ಬಂಟಿ ಮಹಿಳೆಗೆ ಆ ಬಟನ್ ಅಗತ್ಯ, ಸರಿ. ಸಿಮೆಂಟ್ ಲಾರಿಯಲ್ಲಿ ಅದನ್ನು ಯಾರು ಒತ್ತಬೇಕು? ಸಾಲ ಕೊಟ್ಟ ಫೈನಾನ್ಸಿನವರು, ಸರಕಿನ ಕಂಪನಿಯವರು ಹಾಕಿಸಿದ ಜಿಪಿಎಸ್ ಮೊದಲೇ ಇರುವ ಗಾಡಿಗಳೂ ಬೇಕಾದಷ್ಟಿವೆ. ಒಂದು ಸಾಧನದಿಂದ ಎಲ್ಲರಿಗೂ ಮಾಹಿತಿ ಹೋಗುವಂತೆ ಮಾಡಿದ್ದರೆ ಸಾಕಿತ್ತು.

ಕಾಗದದ ತೂಕ

ಸಾಮಾನಿನ 33,467 ರೂಪಾಯಿಯನ್ನು ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 4,183. ಈಗ ಕಾಗದಗಳನ್ನು ನೋಡಿ. 20ರಿಂದ 40 ಟನ್ನಿನ ಸರಕು ವಾಹನಕ್ಕೆ 2022ರ ಜೂನ್‌ನಲ್ಲಿ ಗೊತ್ತಾದ ಥರ್ಡ್ ಪಾರ್ಟಿ ವಿಮೆಯ ಪ್ರೀಮಿಯಂ 43,950. ಶೇ 5 ಜಿಎಸ್‌ಟಿ ಸೇರಿ 46,147. ನ್ಯಾಷನಲ್ ಪರ್ಮಿಟ್ 16,500, ಅದರ ಆಥರೈಸೇಶನ್ 1,000. ರಾಜ್ಯದ ರಸ್ತೆ ತೆರಿಗೆ, ಹೊಗೆ ಪರೀಕ್ಷೆ, ಎಫ್‌ಸಿ ಬಿಟ್ಟು ಇಷ್ಟಕ್ಕೇ 63,647. ಸಾಮಾನಿಗೆ ಒಂದು ರೂಪಾಯಿ ಹೋದರೆ ಕಾಗದಕ್ಕೆ ಹದಿನೈದು.

ಎಫ್‌ಸಿ ಹೊಸ ಲಾರಿಗೆ ಎರಡು ವರ್ಷಕ್ಕೊಮ್ಮೆ, ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ. ಅವಧಿ ಮೀರಿದರೆ ದಿನಕ್ಕೆ 50 ರೂಪಾಯಿ. ಶುಲ್ಕಕ್ಕಿಂತ ಗಾಡಿ ನಿಂತ ದಿನ ದುಬಾರಿ. ಸಾಲದ ಕಂತು ತಿಂಗಳಿಗೆ 65,000 ಎಂದರೆ ದಿನಕ್ಕೆ 2,167, ಡ್ರೈವರ್ ಸಂಬಳ 800, ವಿಮೆ ಮತ್ತು ಪರ್ಮಿಟ್ 174. ಚಕ್ರ ತಿರುಗದಿದ್ದರೂ ದಿನಕ್ಕೆ 3,141 ರೂಪಾಯಿ ಹೋಗುತ್ತದೆ. ಬಣ್ಣ ಬಳಿಸಿ, ದೀಪ ಸರಿಮಾಡಿಸಿ, ಬ್ರೇಕ್ ಇನ್‌ಸ್ಪೆಕ್ಟರ್ ಸಿಗುವವರೆಗೆ ಕಾದು ಮೂರು ದಿನ ಕಳೆದರೆ 9,400. ಒಂದು ಗಾಡಿಯ ಬೆಂಕಿ ಸಿಲಿಂಡರ್ ಇನ್ನೊಂದರ ಎಫ್‌ಸಿಗೆ ಹೋಗಿ ಬರುವುದು ಇದೇ ಅವಸರದಲ್ಲಿ. 2024ರ ಅಕ್ಟೋಬರ್ 1ರಿಂದ ಭಾರಿ ವಾಹನಗಳಿಗೆ ಯಂತ್ರವೇ ಪರೀಕ್ಷೆ ಮಾಡುವ ಕೇಂದ್ರಗಳು ಕಡ್ಡಾಯವೆಂದು ಕೇಂದ್ರದ ಗಡುವು. ಬ್ರೇಕಿನ ಬಲ, ದೀಪದ ಕೋನವನ್ನು ಯಂತ್ರ ಅಳೆಯುವುದು ಒಳ್ಳೆಯದೇ. ತಡೆಪಟ್ಟಿಯ ಬೆಸುಗೆಯನ್ನು ಬಗ್ಗಿ ನೋಡಲು ಮನುಷ್ಯನೇ ಬೇಕು.

ಹಳೆಯ ಗಾಡಿಗಳ ಲೆಕ್ಕ ಬೇರೆಯೇ ಇದೆ. ನ್ಯಾಷನಲ್ ಪರ್ಮಿಟ್ ಸಿಗುವುದು ಎರಡು ಆಕ್ಸಲ್ ಲಾರಿಗೆ 12 ವರ್ಷದವರೆಗೆ, ಮಲ್ಟಿ ಆಕ್ಸಲ್‌ಗೆ 15ರವರೆಗೆ. ಆಮೇಲೆ ಅವು ಊರಿಗೆ ಮರಳಿ ಇಟ್ಟಿಗೆ, ಕಲ್ಲು, ಮರಳು, ನೀರು ಹೊರುತ್ತವೆ. ಹೀಗೆ ದೇಶದ ಹೆದ್ದಾರಿಗೆ ಬೇಡವಾದದ್ದು ನಮ್ಮ ತಾಲ್ಲೂಕು ರಸ್ತೆಗೆ ಬರುತ್ತದೆ. 2025ರ ನವೆಂಬರಿನ ಅಧಿಸೂಚನೆ 20 ವರ್ಷ ದಾಟಿದ ಭಾರಿ ಸರಕು ವಾಹನದ ಎಫ್‌ಸಿ ಶುಲ್ಕವನ್ನು 25,000ಕ್ಕೆ ಒಯ್ದಿತು. ಅಷ್ಟಕ್ಕೆ 275 ಲೀಟರ್ ಡೀಸೆಲ್, 1,100 ಕಿಲೋಮೀಟರ್ ಓಟ. ಮುದಿ ಲಾರಿಯನ್ನು ಗುಜರಿಗೆ ತಳ್ಳುವುದೇ ಉದ್ದೇಶ ಎಂಬುದು ಸ್ಪಷ್ಟ. ಆದರೆ ಆ ಶುಲ್ಕ ಕಟ್ಟಿದವನ ಗಾಡಿಗೆ ಹೊಸ ಟೇಪಾಗಲಿ, ಗಟ್ಟಿ ಪಟ್ಟಿಯಾಗಲಿ ಬರುವುದಿಲ್ಲ. ಅದಕ್ಕಾಗಿ ಎತ್ತಿಟ್ಟಿದ್ದ ದುಡ್ಡೇ ಶುಲ್ಕಕ್ಕೆ ಹೋಗುತ್ತದೆ.

ಟ್ರೈಲರಿಗೆ ಎರಡು ಆರ್‌ಸಿ, ಟ್ರಾಲಿಗೆ ಒಂದೂ ದೀಪವಿಲ್ಲ

ಟ್ರೈಲರಿನಲ್ಲಿ ಎಳೆಯುವ ತಲೆ, ಡ್ರೈವರುಗಳ ಮಾತಿನಲ್ಲಿ ‘ಹಾರ್ಸ್’, ಒಂದು ವಾಹನ. ಹಿಂದಿನ ಹಾಸು ಇನ್ನೊಂದು. ಎರಡಕ್ಕೂ ಬೇರೆ ನೋಂದಣಿ. ಹಾರ್ಸ್‌ನಿಂದ ಹಾಸಿಗೆ ಬ್ರೇಕಿನ ಗಾಳಿ ಕೊಳವೆ, ದೀಪದ ಕೇಬಲ್ ಹಾದುಹೋಗುತ್ತವೆ. ಆ ಕೇಬಲ್ಲಿನ ಪಿನ್ನು ಸಡಿಲಾದರೆ ಇಡೀ ಹಾಸು ಕತ್ತಲು. ಟೈರುಗಳ ತೋಡು ಸವೆದು 1.6 ಮಿಲಿಮೀಟರಿಗಿಂತ ಕಡಿಮೆ ಆಗಿರಬಾರದು. 22 ಟೈರು, ತೆರಿಗೆ ಬಿಟ್ಟು ತಲಾ 20,000 ಎಂದರೆ 4.4 ಲಕ್ಷ. ಟೈರಿನ ಜಿಎಸ್‌ಟಿಯೂ ಶೇ 28ರಿಂದ 18ಕ್ಕೆ ಇಳಿದದ್ದರಿಂದ ಒಂದು ಸೆಟ್ಟಿಗೆ 44,000 ಉಳಿಯಿತು. ಸುರಕ್ಷತೆಯ ಸಾಮಾನೆಂದು ಯಾರೂ ಎಣಿಸದ, ಆದರೆ ಎಲ್ಲಕ್ಕಿಂತ ದುಬಾರಿಯಾದ ಸಾಮಾನು ಟೈರು.

ಇಷ್ಟೆಲ್ಲ ನಿಯಮ, ಮಾನಕ, ಅಧಿಸೂಚನೆಯ ಕೆಳಗಿನಿಂದ ತೂರಿಕೊಂಡು ಹೋಗುವುದು ಕಬ್ಬಿನ ಟ್ರಾಲಿ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರಾಲಿ, ಟ್ರಾಲಿಯ ಅಂಚು ದಾಟಿ ಜೋತ ಕಬ್ಬು, ಗಂಟೆಗೆ 25 ಕಿಲೋಮೀಟರ್ ವೇಗ. ಹಿಂಬದಿಯಲ್ಲಿ ದೀಪವಿದ್ದರೂ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. 80ರಲ್ಲಿ ಬರುವ ಕಾರು ಅದನ್ನು ಸೆಕೆಂಡಿಗೆ 15 ಮೀಟರಿನಂತೆ ಸಮೀಪಿಸುತ್ತದೆ. 50 ಮೀಟರಿನಿಂದ ಕಂಡರೆ ಕೈಯಲ್ಲಿ ಮೂರು ಸೆಕೆಂಡ್. ಎದುರಿನಿಂದ ಬಸ್ಸು ಬರುತ್ತಿದ್ದರೆ ಬದಿಗೆ ತಿರುಗಿಸಲೂ ಜಾಗವಿಲ್ಲ.

ಇದರ ಬಿಲ್ಲು ತೀರ ಸಣ್ಣದು. ಎರಡು ಟ್ರಾಲಿಗೆ ತಲಾ 8 ಮೀಟರ್ ಟೇಪು, 16 ಮೀಟರ್, 1,600 ರೂಪಾಯಿ. ಸೋಗೆ ಮುಚ್ಚುವ ಟ್ರಾಲಿಗೆ ಟೇಪು ಅಂಟಿಸಿದ ಒಂದು ಬಟ್ಟೆಯ ಪರದೆಯನ್ನು ಲೋಡಿನ ಹಿಂದೆ ಕಟ್ಟಿದರೂ ಆದೀತು. ಟ್ರ್ಯಾಕ್ಟರು ಸಲಕ್ಕೆ 20 ಟನ್ನಿನಂತೆ ಹಂಗಾಮಿನಲ್ಲಿ ನೂರು ಸಲ ಕಾರ್ಖಾನೆಗೆ ಹೋದರೆ 2,000 ಟನ್ ಕಬ್ಬು. ಟನ್ನಿಗೆ 80 ಪೈಸೆ. 2025–26ರ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ಟನ್ನಿಗೆ 3,550 ರೂಪಾಯಿ. ಪ್ರತಿ ಟ್ರಾಲಿಯೂ ಕಾರ್ಖಾನೆಯ ತೂಕದ ಯಂತ್ರದ ಮೇಲೆ ಹತ್ತಿಯೇ ಇಳಿಯುತ್ತದೆ. ಆರ್‌ಟಿಒ ಕಣ್ಣಿಗೆ ಬೀಳದ ಟ್ರಾಲಿಯೂ ಅಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ಮೊದಲ ತೂಕದ ಚೀಟಿ ಹರಿಯುವ ಮುನ್ನ ಕಾರ್ಖಾನೆಯವರೇ ಟೇಪು ಅಂಟಿಸಿ, ದುಡ್ಡನ್ನು ಸಾಗಣೆಯ ಬಿಲ್ಲಿನಲ್ಲಿ ಮುರಿದುಕೊಳ್ಳಲಿ. ಜಿಲ್ಲಾಧಿಕಾರಿಗಳು ಮುಂದಿನ ಹಂಗಾಮಿನ ಪೂರ್ವಸಭೆಯಲ್ಲಿ ಇದನ್ನು ಬಾಯಿಮಾತಿಗೆ ಬಿಡದೆ, ಟೇಪಿಲ್ಲದ ಟ್ರಾಲಿಯ ಕಬ್ಬನ್ನು ತೂಗಬಾರದು ಎಂದು ಕಾರ್ಖಾನೆಗಳಿಗೆ ಲಿಖಿತ ಆದೇಶ ಕೊಡಬೇಕು.